ಗೋಡೆ ಪಕ್ಕದ ಥ್ರೋ-ಇನ್

ಆ ಭಾನುವಾರ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೊರಟಾಗ ಚೀಲದಲ್ಲಿ ಎರಡು ಸೀಟಿ, ಇಸ್ತ್ರಿ ಮಾಡಿದ ಅಂಗಿ, ಮಡಚಿ ಮಡಚಿ ಮೆತ್ತಗಾದ ನಿಯಮಗಳ ಝೆರಾಕ್ಸ್ ಪ್ರತಿ ಇತ್ತು. ವಾರವೆಲ್ಲ ಆಫೀಸಿನಲ್ಲಿ ಕೂತು ಕೆಲಸ ಮಾಡುವ ನನಗೆ ಬಾಸ್ಕೆಟ್‌ಬಾಲ್ ರೆಫ್ರಿ ಕೆಲಸವೇ ರಜೆ. ಹೆಂಡತಿ ಕೇಳುತ್ತಾಳೆ, ಎರಡೂ ಕಡೆಯವರ ಬೈಗುಳ ತಿನ್ನೋದು ಅದ್ಯಾವ ಸೀಮೆ ರಜೆ ಅಂತ.

ಪಂದ್ಯ ಇದ್ದದ್ದು ಒಂದು ಹಳೆಯ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ. ಗೆರೆಗಳು ಸರಿಯಾಗಿದ್ದವು, 28 ಮೀಟರ್ ಉದ್ದ, 15 ಮೀಟರ್ ಅಗಲ. ತೊಂದರೆ ಇದ್ದದ್ದು ಗೆರೆಯ ಆಚೆ. ಸುತ್ತಲೂ 2 ಮೀಟರ್ ಖಾಲಿ ಜಾಗ ಇರಬೇಕು ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಒಂದು ಸೈಡ್‌ಲೈನ್ ಪಕ್ಕದಲ್ಲೇ ಕಾಂಪೌಂಡ್ ಗೋಡೆ. ಅದರ ಮೇಲೆ ಸಾಲಾಗಿ ಕೂತ ಹುಡುಗರು. ಅವರ ಜೋತುಬಿದ್ದ ಕಾಲು ಗೆರೆ ಪಕ್ಕ ನಿಂತವನ ಹೆಗಲಿಗೆ ತಾಗುತ್ತಿದ್ದವು.

ಥ್ರೋ-ಇನ್, ಅಂದರೆ ಗೆರೆಯ ಹೊರಗೆ ನಿಂತು ಚೆಂಡನ್ನು ಕೋರ್ಟಿನೊಳಗೆ ಎಸೆಯೋದು, ನೋಡುವವರಿಗೆ ಬಿಡುವು. ನೀರು ಕುಡಿಯುತ್ತಾರೆ, ಫೋನ್ ನೋಡುತ್ತಾರೆ. ನನಗೆ ಮಾತ್ರ ಎದೆ ಡವಗುಟ್ಟೋದು ಆಗಲೇ. ಆಟದ ಶುರುವಿಗೆ ಚೆಂಡು ಮೇಲಕ್ಕೆ ಹಾರಿಸುವ ಜಂಪ್ ಬಾಲ್, ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ ಫ್ರೀ ಥ್ರೋ, ಇವೆರಡು ಬಿಟ್ಟರೆ, ರೆಫ್ರಿ ತನ್ನ ಕೈಯಾರೆ ಚೆಂಡು ಕೊಟ್ಟು ಆಟ ಶುರು ಮಾಡೋದು ಥ್ರೋ-ಇನ್‌ನಲ್ಲೇ. ಕೊಟ್ಟ ಕೂಡಲೇ 5 ಸೆಕೆಂಡಿನ ಲೆಕ್ಕ ಶುರು, ಅಷ್ಟರಲ್ಲಿ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಈ 5 ಸೆಕೆಂಡ್ ಇವತ್ತಿನದಲ್ಲ. 1891ರಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ ಮೊದಲ 13 ನಿಯಮಗಳಲ್ಲೇ ಅದು ಇತ್ತು. ಆಗ ಗೆರೆ ದಾಟಿದ ಚೆಂಡನ್ನು ಯಾರು ಮೊದಲು ಮುಟ್ಟುತ್ತಾರೋ ಅವರದೇ ಥ್ರೋ-ಇನ್. ಚೆಂಡಿನ ಹಿಂದೆ ಹೇಗೆ ಬಿದ್ದು ಎದ್ದು ಓಡಿರಬೇಕು ನೋಡಿ.

ಇದರ ಬಗ್ಗೆ ನಮ್ಮ ಕಡೆ ಇರುವ ತಪ್ಪು ತಿಳಿವಳಿಕೆ ಒಂದೆರಡಲ್ಲ. ಚೆಂಡು ಎಸೆಯುವವ ಕಾಲು ಎತ್ತಿದರೆ ಸಾಕು, ಗೋಡೆ ಮೇಲಿನಿಂದ "ಟ್ರಾವೆಲಿಂಗ್!" ಅಂತ ಕೂಗು. ಟ್ರಾವೆಲಿಂಗ್ ಅಂದರೆ ಚೆಂಡು ಪುಟಿಸದೆ ಹೆಜ್ಜೆ ಹಾಕೋ ತಪ್ಪು, ಥ್ರೋ-ಇನ್‌ನಲ್ಲಿ ಅದು ಇಲ್ಲವೇ ಇಲ್ಲ. ಪಕ್ಕಕ್ಕೆ ಒಟ್ಟು 1 ಮೀಟರ್‌ವರೆಗೆ ಸರಿಯಬಹುದು, ನೇರ ಹಿಂದಕ್ಕೆ ಜಾಗ ಇದ್ದಷ್ಟು ಹೋಗಬಹುದು. ಗೆರೆ ತುಳಿದರೆ ತಪ್ಪು ಅನ್ನೋದು ಇನ್ನೊಂದು. ಗೆರೆ ಕೋರ್ಟಿಗೆ ಸೇರಿದ್ದೇ ಅಲ್ಲ. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಮಾತ್ರ ತಪ್ಪು. ಎಸೆದ ಚೆಂಡು ಯಾರಿಗೂ ತಾಗದೆ ಆಚೆ ಗೆರೆ ದಾಟಿತು ಅನ್ನಿ. ಎದುರಾಳಿಗೆ ಚೆಂಡು ಸಿಗೋದು ಅದು ಹೊರಗೆ ಹೋದ ಜಾಗದಲ್ಲಲ್ಲ, ಎಸೆದ ಜಾಗದಲ್ಲೇ. ಇದನ್ನು ಹೇಳಿ ಹೇಳಿ ನನ್ನ ಗಂಟಲೇ ಒಣಗಿದೆ.

ಹುಬ್ಬಳ್ಳಿ ತಂಡಕ್ಕೂ ಗದಗಿನ ತಂಡಕ್ಕೂ ಪಂದ್ಯ. ಮೂರನೇ ಕ್ವಾರ್ಟರ್‌ನಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ ಥ್ರೋ-ಇನ್‌ಗೆ ನಿಂತ. ಉದ್ದ ಕೈಯವನು. ಚೆಂಡು ಹಿಡಿದ ಎರಡೂ ಕೈ ಗೆರೆ ಮೇಲಿನಿಂದ ಒಳಕ್ಕೆ ಚಾಚಿದ. ಗದಗಿನ ಹುಡುಗ ಚೆಂಡಿಗೆ ಪಟ್ ಅಂತ ಒಂದು ಹೊಡೆತ ಹೊಡೆದು, ಕಿತ್ತುಕೊಂಡು ಓಡಿ ಬಾಸ್ಕೆಟ್ ಹಾಕಿಬಿಟ್ಟ. ಹೊಡೆತ ಬಿದ್ದಾಗಲೇ ನಾನು ಸೀಟಿ ಊದಿದ್ದೆ. ಬಾಸ್ಕೆಟ್ ಇಲ್ಲ, ಗದಗಿನ ತಂಡಕ್ಕೆ ಎಚ್ಚರಿಕೆ, ಅದೇ ಜಾಗದಿಂದ ಮತ್ತೆ ಥ್ರೋ-ಇನ್.

ಅವರ ಕೋಚ್ ಬಂದೇ ಬಂದರು. "ಸರ್, ಚೆಂಡು ಗೆರಿ ದಾಟಿ ಒಳಗ ಬಂದಿತ್ರಿ. ಒಳಗ ಬಂದ ಚೆಂಡು ಮುಟ್ಟಿದ್ರ ಏನ್ ತಪ್ಪಾತ್ರಿ?"

ಪ್ರಶ್ನೆ ಏನೂ ದಡ್ಡ ಪ್ರಶ್ನೆಯಲ್ಲ. ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ ಅವರು ಹೇಳಿದ್ದೇ ಸರಿ, ಅಲ್ಲಿ ಹಾಗೆ ಚಾಚಿದ ಚೆಂಡನ್ನು ಮುಟ್ಟಬಹುದು. ಯೂಟ್ಯೂಬಿನಲ್ಲಿ ಅದನ್ನೇ ನೋಡಿರಬೇಕು. ನಾವು ಆಡಿಸೋದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ. ಕೈ ಒಳಗೆ ಬಂದರೂ ಚೆಂಡು ಎಸೆಯುವವನ ಕೈಯಲ್ಲಿ ಇರೋವರೆಗೆ ಅದರ ತಂಟೆಗೆ ಹೋಗದಿರೋದು ಎದುರಾಳಿಯ ಜವಾಬ್ದಾರಿ. ನಾನು ಹೇಳಿದೆ. ಅವರು ಒಪ್ಪಲಿಲ್ಲ. ಗೋಡೆ ಮೇಲಿಂದ ಒಂದು ದನಿ: "ರೆಫ್ರಿ ಹುಬ್ಬಳ್ಳಿಯಾಂವ ಅದಾನಲೇ!" ಅದಂತೂ ನಿಜ, ಏನು ಹೇಳಲಿ?

ಕೊನೆಯ ಕ್ವಾರ್ಟರ್. ಇನ್ನು 41 ಸೆಕೆಂಡ್. ಗದಗ ಒಂದು ಪಾಯಿಂಟ್ ಹಿಂದೆ, ಥ್ರೋ-ಇನ್ ಅವರದು, ಅದೂ ಗೋಡೆ ಪಕ್ಕ. ತೆಳ್ಳಗಿನ ಹುಡುಗನೊಬ್ಬ ಗೋಡೆಗೆ ಬೆನ್ನು ಮಾಡಿ ನಿಂತ. ತಲೆಯ ಎರಡೂ ಪಕ್ಕ ಯಾರದೋ ಚಪ್ಪಲಿ ಕಾಲು. ಎದುರಿಗೆ ಹುಬ್ಬಳ್ಳಿಯ ಎತ್ತರದ ಹುಡುಗ ಎದೆ ಕೊಟ್ಟು ನಿಂತಿದ್ದ, ಇಬ್ಬರ ನಡುವೆ ಒಂದು ಗೇಣು. ನಾನು ಗಡಿಯಾರ ನೋಡಿದೆ, ಸ್ಕೋರರ್ ಕಡೆ ನೋಡಿದೆ, ಚೆಂಡು ಕೊಟ್ಟೆ. ಕೈ ಬೀಸುತ್ತಾ ಎಣಿಸತೊಡಗಿದೆ. ಗೋಡೆ ಮೇಲಿನವರೂ ನನ್ನ ಜೊತೆ ಜೋರಾಗಿ ಎಣಿಸಿದರು. ಒಂದು, ಎರಡು, ಮೂರು. ಆ ಹುಡುಗ ಹಿಂದೆ ಸರಿಯಲು ನೋಡಿದ, ಮೊಣಕೈ ಗೋಡೆಗೆ ತಾಗಿತು. ನಾಲ್ಕು, ಐದು. ಸೀಟಿ. ಐದು ಬೆರಳು ತೋರಿಸಿದೆ. ಚೆಂಡು ಹುಬ್ಬಳ್ಳಿಗೆ.

ಈ ಸಲ ಯಾರೂ ಜಗಳಕ್ಕೆ ಬರಲಿಲ್ಲ. ಎಲ್ಲರೂ ಕೂಡಿ ಎಣಿಸಿದ ಐದು, ಜಗಳ ಆಡೋದೇನು? ಕೋಚ್ ಬೆಂಚಿನಿಂದ ಏಳಲೂ ಇಲ್ಲ. ಆ ಹುಡುಗ ಮಾತ್ರ ಚೆಂಡು ನನ್ನ ಕೈಗೆ ಕೊಡುವಾಗ ಮೆಲ್ಲಗೆ ಹೇಳಿದ, "ಹಿಂದ ಗ್ವಾಡಿ ಐತ್ರಿ ಸರ್."

ಗದಗ ಮೂರು ಪಾಯಿಂಟಿನಿಂದ ಸೋತಿತು.

ನನ್ನ ಜೊತೆ ಸೀಟಿ ಊದಿದವರು ಹಿರಿಯರು, ನಾವೆಲ್ಲ ಸರ್ ಅನ್ನುತ್ತೇವೆ. ಗಿರ್ಮಿಟ್ ಪೊಟ್ಟಣ ಕೈಗಿಟ್ಟು ಅವರೇ ಮಾತು ತೆಗೆದರು. "ಐದು ಸರಿ ಎಣಿಸೀದಿ ಬಿಡು. ಅವಂಗ ಜಾಗಾನ ಇರಲಿಲ್ಲಲೋ ತಮ್ಮಾ. ಚೆಂಡು ಕೊಡೂಕಿಂತ ಮೊದಲ ನೋಡಬೇಕು. ಕೊಟ್ಟ ಮ್ಯಾಲ ಏನ್ ನೋಡ್ತಿ?"

ನಿಯಮ ನನಗೆ ಗೊತ್ತಿತ್ತು. ಬಾಯಿಪಾಠವೇ ಇತ್ತು. ಗೆರೆಯ ಹಿಂದೆ 2 ಮೀಟರ್ ಜಾಗ ಇಲ್ಲದಿದ್ದರೆ ಎದುರಾಳಿ ಎಸೆಯುವವನಿಂದ 1 ಮೀಟರ್ ದೂರ ನಿಲ್ಲಬೇಕು. ಕೊನೆಯ 2 ನಿಮಿಷದಲ್ಲಂತೂ ರೆಫ್ರಿ ಚೆಂಡು ಕೊಡುವ ಮೊದಲೇ ಗೆರೆಗುಂಟ ಕೈ ಆಡಿಸಿ ಎಚ್ಚರಿಕೆ ತೋರಿಸಬೇಕು. ಆಮೇಲೂ ಹತ್ತಿರ ಬಂದರೆ ಟೆಕ್ನಿಕಲ್ ಫೌಲ್. ಗದಗಿಗೆ ಒಂದು ಫ್ರೀ ಥ್ರೋ, ಮೇಲೆ ಚೆಂಡೂ ಅವರದೇ. ಒಂದು ಪಾಯಿಂಟ್ ಹಿಂದಿದ್ದ ತಂಡ ಅದು. ನಾನು ಕೈ ಆಡಿಸಿರಲಿಲ್ಲ, ಎದುರಿನವನನ್ನು ಹಿಂದೆ ಸರಿಸಿರಲಿಲ್ಲ. ಸರಿಯಾದ ಸೀಟಿಗೆ ಬೈಸಿಕೊಂಡೆ, ತಪ್ಪಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಗಿರ್ಮಿಟ್ ಗಂಟಲಲ್ಲಿ ಇಳಿಯಲಿಲ್ಲ.

ಎದ್ದು ಹೋಗಿ ಟೇಪ್ ಹಿಡಿದೆ. ಗೆರೆಯಿಂದ ಗೋಡೆಗೆ 80 ಸೆಂಟಿಮೀಟರ್. ಮುಂದಿನ ಪಂದ್ಯ ನಾಲ್ಕು ಗಂಟೆಗೆ. ಮೈದಾನದ ಕೆಲಸದವರ ಹತ್ತಿರ ಸುಣ್ಣದ ಪುಡಿ ಇಸಿದುಕೊಂಡು, ಗೋಡೆ ಕಡೆಯ ಸೈಡ್‌ಲೈನಿನಿಂದ 1 ಮೀಟರ್ ಒಳಗೆ ಇನ್ನೊಂದು ಗೆರೆ ಎಳೆಯತೊಡಗಿದೆ.

"ಇದು ಯಾವ ಪುಸ್ತಕದಾಗ ಐತೋ?" ಅಂದರು ಸರ್. ಅನ್ನುತ್ತಲೇ ಟೇಪಿನ ಆ ತುದಿ ಹಿಡಿದರು.

ನಾಲ್ಕರ ಪಂದ್ಯದಲ್ಲಿ ಗೋಡೆ ಪಕ್ಕ ಥ್ರೋ-ಇನ್ ಬಂದಾಗಲೆಲ್ಲ, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ "ಬಿಳಿ ಗೆರಿ ಹಿಂದ ನಿಂದರಪಾ" ಅನ್ನುತ್ತಿದ್ದೆ. ಅರ್ಧ ಆಟ ಮುಗಿಯುವಷ್ಟರಲ್ಲಿ ಬೂಟುಗಾಲಿಗೆ ಸುಣ್ಣವೆಲ್ಲ ಅಳಿಸಿಹೋಗಿ, ಆಮೇಲೆ ಬರೀ ಕಣ್ಣಳತೆ.

ಗದಗಿನ ಹುಡುಗರು ಇನ್ನೂ ಹೊರಟಿರಲಿಲ್ಲ, ಆ ಗೋಡೆ ಮೇಲೇ ಕೂತು ಪಂದ್ಯ ನೋಡುತ್ತಿದ್ದರು. ಒಮ್ಮೆ ಸರಿಯಾಗಿ ಅವರ ಕೆಳಗೇ ಥ್ರೋ-ಇನ್ ಬಂತು. ನಾನು ಬಾಯಿ ತೆರೆಯುವ ಮೊದಲೇ ಆ ತೆಳ್ಳಗಿನ ಹುಡುಗ ತನ್ನ ಎರಡೂ ಕಾಲು ಗೋಡೆ ಮೇಲಕ್ಕೆ ಎಳೆದುಕೊಂಡು, ಪಕ್ಕದವನ ತೊಡೆಗೆ ಒಂದು ಬಾರಿಸಿದ. ಅವನೂ ಕಾಲು ಮೇಲೆ ತೆಗೆದುಕೊಂಡ.