ತಡಿಯಿಂದ ಬಾಗಿದ ರಾಣಿ, ನೀಲಿ ಪಟ್ಟಿಯ ನಾವಿಕ

ಈ ಸಲ ದಸರೆಗೆ ನಮ್ಮ ಬಸವನಗುಡಿಯ ಮನೆಯಲ್ಲಿ ಗೊಂಬೆ ಕೂರಿಸುವಾಗ, ಪಟ್ಟದ ಗೊಂಬೆಗಳ ಕೆಳಗಿನ ಒಂದು ಇಡೀ ಮೆಟ್ಟಿಲನ್ನು ಅಮ್ಮ ನನ್ನ ಸಿಪಾಯಿಗಳಿಗೆ ಬಿಟ್ಟುಕೊಟ್ಟರು. ಬಿಳಿ ಲೋಹದಲ್ಲಿ ಎರಕ ಹೊಯ್ದು, ಕೈಯಿಂದ ಬಣ್ಣ ಹಚ್ಚಿದ, 54 ಮಿಲಿಮೀಟರ್ ಅಳತೆಯ ಈ ಒಂಬತ್ತು ಗೊಂಬೆಗಳು 1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ, ಯುದ್ಧದಲ್ಲಿನ ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್‌ನ ಮೊದಲ ಪ್ರದಾನ ಸಮಾರಂಭವನ್ನು ತೋರಿಸುತ್ತವೆ.

ಆ ದಿನ ಕ್ರಿಮಿಯಾ ಯುದ್ಧದಲ್ಲಿ ಸಾಹಸ ಮೆರೆದ 62 ಮಂದಿಗೆ ರಾಣಿ ಕುದುರೆಯಿಂದ ಇಳಿಯದೆಯೇ, ತಡಿಯ ಮೇಲಿನಿಂದ ಬಾಗಿ, ಪದಕವನ್ನು ಎದೆಗೆ ಚುಚ್ಚಿದಳು. ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಿಂದ ನಿಂತಿರುವ ಅಮೃತಶಿಲೆಯ ವಿಕ್ಟೋರಿಯಾಳನ್ನು ಚಿಕ್ಕಂದಿನಿಂದ ನೋಡಿದ ನನಗೆ ರಾಣಿಯೆಂದರೆ ರಾಜದಂಡ ಹಿಡಿದು ನೆಟ್ಟಗೆ ನಿಂತವಳು. ಬೆನ್ನು ಬಾಗಿಸಿ, ಕೈ ಚಾಚಿ, ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಬಗೆಯ ಕಂಚಿನ ಪದಕ ತೊಡಿಸುವ ರಾಣಿಯನ್ನು ನಾನು ಕಂಡದ್ದು ಈ ಗೊಂಬೆಯಲ್ಲಿಯೇ. ಶಿಲ್ಪಿಯ ಜಾಣ್ಮೆಯೆಲ್ಲ ಅವಳ ಬೆರಳಿಗೂ ಎದುರು ನಿಂತವನ ಎದೆಗೂ ನಡುವಿನ ಆ ಎಳ್ಳುಕಾಳಿನಷ್ಟು ಜಾಗದಲ್ಲಿದೆ.

ಅದೇ ಜೂನ್ ತಿಂಗಳಲ್ಲಿ ದೆಹಲಿ ದಂಗೆಯೆದ್ದ ಸಿಪಾಯಿಗಳ ವಶದಲ್ಲಿತ್ತು ಎಂಬುದನ್ನೂ, ಭಾರತೀಯ ಸೈನಿಕರಿಗೆ ಈ ಪದಕ ಪಡೆಯುವ ಅರ್ಹತೆ ದೊರೆತದ್ದು 1911ರಲ್ಲಷ್ಟೇ ಎಂಬುದನ್ನೂ ಈ ಮೆಟ್ಟಿಲ ಮುಂದೆ ನಿಂತಾಗಲೆಲ್ಲ ನೆನೆಯುತ್ತೇನೆ.

ಅಂದು ಮೊದಲು ಪದಕ ಪಡೆದವನು ನೌಕಾಪಡೆಯ ಹೆನ್ರಿ ರೇಬಿ. ಆಗ ಭೂಸೇನೆಯವರ ಪದಕಕ್ಕೆ ಕಡುಗೆಂಪು ಪಟ್ಟಿ, ನೌಕಾಪಡೆಯವರದಕ್ಕೆ ನೀಲಿ ಪಟ್ಟಿ ಇರುತ್ತಿತ್ತು. ಎಲ್ಲರಿಗೂ ಕೆಂಪು ಬಂದದ್ದು 1918ರಲ್ಲಿ. ನನಗೆ ಬಂದ ಗುಂಪಿನಲ್ಲಿ ನಾವಿಕನ ಎದೆಯ ಮೇಲೂ ಕೆಂಪು ಪಟ್ಟಿಯೇ ಇತ್ತು. ಸಾಕಷ್ಟು ಬೆಲೆ ತೆತ್ತು ತರಿಸಿದ ಗೊಂಬೆಯಲ್ಲಿ ಇಂಥ ತಪ್ಪು ಕಂಡು ಬಹಳ ಬೇಸರವಾಯಿತು. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಬೇರೆಯವರ ಕೈಕೆಲಸವನ್ನು ಮುಟ್ಟಬಾರದೆಂದು ಸಂಗ್ರಾಹಕರು ಹೇಳುವುದುಂಟು, ಅದು ಸರಿಯೂ ಹೌದು. ಆದರೆ ಈ ಗೊಂಬೆಗೆ ಅರ್ಥವಿರುವುದೇ ಅದು ಆ ಒಂದು ದಿನಕ್ಕೆ ನಿಷ್ಠವಾಗಿರುವುದರಿಂದ.

ನಿಜವಾದ ಪದಕದ ಅಗಲ ಸುಮಾರು 36 ಮಿಲಿಮೀಟರ್; ಈ ಅಳತೆಯಲ್ಲಿ ಅದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಮೂರು ಸೊನ್ನೆ ಅಳತೆಯ ಅತಿ ಸಣ್ಣ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸದೆ ಬೆರಳಲ್ಲೇ ಹೊಸೆದು ಮೊನೆ ಮಾಡಿ, ಕಿಟಕಿಯ ಬೆಳಗಿನ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಮೊದಲು ಕೆಂಪಿನ ಮೇಲೆ ತೆಳುವಾಗಿ ಬೂದು ಬಣ್ಣ ಎಳೆದೆ. ಒಣಗಿದ ಮೇಲೆ ನೀಲಿ. ಕೆಂಪು ಇಣುಕಿದ್ದರಿಂದ ಮರುದಿನ ಇನ್ನೊಂದು ಕೈ ಹಚ್ಚಬೇಕಾಯಿತು. ಗೊಂಬೆ ನೋಡಲು ಬಂದ ಪಕ್ಕದ ಮನೆಯ ಹುಡುಗಿ ಮೆಟ್ಟಿಲಿಗೆ ಮುಖ ತಾಗಿಸುವಷ್ಟು ಹತ್ತಿರ ಬಂದು, “ಅಂಕಲ್, ಇವರೊಬ್ಬರದು ಮಾತ್ರ ಯಾಕೆ ನೀಲಿ?” ಎಂದು ಕೇಳಿದಳು. ಅವಳನ್ನು ಕೂರಿಸಿಕೊಂಡು ರೇಬಿಯಿಂದಲೇ ಶುರುಮಾಡಿದೆ.