ಸುಮ್ನೆ ಒಂದು ಜೇನುಪೆಟ್ಟಿಗೆ ಇಟ್ಟು ನೋಡಲಾ?

ಶಿರಸಿ ಜಾತ್ರೆಗೆ ಬಂದ ನೆಂಟರು, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಹುಡುಗರು, ಅಡಿಕೆ ವ್ಯಾಪಾರಕ್ಕೆ ಬಂದವರು ಕೂಡ, ನಮ್ಮ ಅಂಗಳದಂಚಿನ ಪೆಟ್ಟಿಗೆ ನೋಡಿ ಇದೇ ಕೇಳುತ್ತಾರೆ. "ನಮ್ಮ ತೋಟದಲ್ಲೂ ಜೇನು ಸಾಕುವ ಆಸೆ. ಸುಮ್ನೆ ಒಂದು ಪೆಟ್ಟಿಗೆ ಇಟ್ಟು ನೋಡಲಾ?"

ಒಂದು ಬೇಡ. ಎರಡು ಇಡಿ.

ಪೆಟ್ಟಿಗೆ ಮಾರುವವರ ಮಾತಿನ ಹಾಗೆ ಕೇಳಿಸುತ್ತದೆ, ಗೊತ್ತು. ನಾನೂ ಒಂದರಿಂದಲೇ ಶುರು ಮಾಡಿದವನು. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮನೆ ಅಟ್ಟದ ಮೇಲೆ ಅಪ್ಪಯ್ಯನ ಕಾಲದ ಖಾಲಿ ಪೆಟ್ಟಿಗೆಗಳಿದ್ದವು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕರ್ನಾಟಕದ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು, ಬಹುಪಾಲು ನಾಶವಾಯಿತು. ಅಪ್ಪಯ್ಯನ ಹುಳಗಳೂ ಹೋದವು. ಆಮೇಲೆ ಅವರು ಜೇನಿನ ಸುದ್ದಿಗೆ ಹೋಗಲಿಲ್ಲ. ಎಷ್ಟೋ ವರ್ಷದ ನಂತರ ನಾನು ಪಕ್ಕದೂರಿನವರ ಹತ್ತಿರ ಒಂದು ಜೇನುಕುಟುಂಬ ತಂದೆ. ನವೆಂಬರ್ ತಿಂಗಳು, ಮಳೆ ಮುಗಿದು ಬೆಟ್ಟದಲ್ಲಿ ಹೂವು ಶುರುವಾಗಿತ್ತು. ಕಾಲ ನೋಡಿ ತಂದದ್ದೊಂದೇ ನಾನು ಸರಿಯಾಗಿ ಮಾಡಿದ ಕೆಲಸ.

ಜನವರಿಯಲ್ಲಿ ಜೇನು ಪಾಲಾಯಿತು. ಹಳೆ ರಾಣಿ ಅರ್ಧ ಹುಳಗಳನ್ನು ಕರೆದುಕೊಂಡು ಹೊರಟಿತು. ಉಳಿದ ಅರ್ಧಕ್ಕೆ ಹೊಸ ರಾಣಿ ಹುಟ್ಟಬೇಕು, ಹೊರಗೆ ಹಾರಿ ಗಂಡುನೊಣಗಳ ಜೊತೆ ಕೂಡಿ ವಾಪಸ್ ಬರಬೇಕು. ಹೋದದ್ದೆಲ್ಲ ಬರುತ್ತದೆ ಅಂತಿಲ್ಲ. ದಾರಿಯಲ್ಲಿ ಹಕ್ಕಿ ಹಿಡಿದರೆ ಮುಗಿಯಿತು. ನಮ್ಮದು ಬರಲಿಲ್ಲ. ನನಗೆ ಅದು ಗೊತ್ತೇ ಆಗಲಿಲ್ಲ. ಬಾಗಿಲಲ್ಲಿ ಹುಳ ಓಡಾಡುತ್ತಿದ್ದವಲ್ಲ, ಎಲ್ಲ ಸರಿಯಿದೆ ಅಂದುಕೊಂಡೆ.

ಒಂದು ದಿನ ಮುಚ್ಚಳ ತೆಗೆದು, ಬಿಸಿಲಿಗೆ ಬೆನ್ನು ಹಾಕಿ ನಿಂತು, ಎರಿಯನ್ನು, ಅಂದರೆ ಹುಳ ಕಟ್ಟಿದ ಮೇಣದ ಹಲ್ಲೆಯನ್ನು, ಓರೆ ಹಿಡಿದು ನೋಡಿದೆ. ಮೊಟ್ಟೆ ಕಾಣುವುದು ಹಾಗೇ, ಎರಿಯ ಪುಟ್ಟ ಕೋಣೆಯ, ಅಂದರೆ ಕಣ್ಣದ ತಳದಲ್ಲಿ ಬಿಳಿ ದಾರದ ತುಣುಕು ನಿಂತ ಹಾಗೆ. ನಮ್ಮದರಲ್ಲಿ ಒಂದೊಂದು ಕಣ್ಣದಲ್ಲಿ ಎರಡು, ಮೂರು, ನಾಲ್ಕು! ಕೆಲವು ತಳದಲ್ಲಿ, ಕೆಲವು ಗೋಡೆಗೆ ಅಂಟಿಕೊಂಡಿದ್ದವು. ರಾಣಿ ಎಷ್ಟು ಜೋರಾಗಿದೆ ನೋಡಿ ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಬಹಳ ವರ್ಷ ಜೇನು ಸಾಕಿದ ಭಾವನೊಬ್ಬ ಅವತ್ತು ಊಟಕ್ಕೆ ಬಂದಿದ್ದ. ಬಗ್ಗಿ ನೋಡಿದವನು ಎರಿಯನ್ನು ಮೆಲ್ಲಗೆ ಒಳಗಿಟ್ಟ.

"ತಮಾ, ರಾಣಿನೇ ಇಲ್ಲೆ."

ರಾಣಿ ಇಲ್ಲದೆ ಕೆಲವು ದಿನ ಕಳೆದರೆ ಕೆಲಸದ ಹುಳಗಳೇ ಮೊಟ್ಟೆ ಇಡಲು ಶುರು ಮಾಡುತ್ತವೆ. ರಾಣಿಯಾದರೆ ಕಣ್ಣಕ್ಕೆ ಒಂದೇ ಮೊಟ್ಟೆ, ಇವು ಹೀಗೆ ಮೂರು ನಾಲ್ಕು. ಅವು ಗಂಡಿನ ಜೊತೆ ಕೂಡಿದವಲ್ಲ, ಹಾಗಾಗಿ ಆ ಮೊಟ್ಟೆಯಿಂದ ಬರುವುದೆಲ್ಲ ಗಂಡುನೊಣ. ಗಂಡುನೊಣ ಹೂವಿಗೆ ಹೋಗಿ ಗೂಡಿಗೆ ಏನನ್ನೂ ತರುವುದಿಲ್ಲ. ಆಮೇಲಿನ ವಾರಗಳಲ್ಲಿ ನಮ್ಮ ಎರಿ ತುಂಬ ಉಬ್ಬಿದ ಮುಚ್ಚಳಗಳು, ಪ್ರತಿಯೊಂದರ ನಡುವೆ ಸೂಜಿಯಲ್ಲಿ ಚುಚ್ಚಿದ ಹಾಗೆ ಒಂದು ತೂತು. ತುಡುವೆಯಲ್ಲಿ ಗಂಡುನೊಣದ ಮುಚ್ಚಳದ ಗುರುತೇ ಅದು. ದುಡಿಯುವ ಹುಳ ಸಾಯುತ್ತ ಬಂದವು, ಹೊಸವು ಹುಟ್ಟಲಿಲ್ಲ. ಕಾವಲು ಕಡಿಮೆಯಾದ ಗೂಡಿಗೆ ಎರಿ ತಿನ್ನುವ ಮೇಣದ ಹುಳು ಬಿತ್ತು. ಕೊನೆಗೆ ಎರಿಯ ಜಾಗದಲ್ಲಿ ಜೇಡರ ಬಲೆಯಂಥ ನೂಲು, ಕಪ್ಪು ಹಿಕ್ಕೆ.

ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇದ್ದಿದ್ದರೆ? ರಾಣಿ ಹೋದದ್ದು ಬೇಗ ಗೊತ್ತಾಗಿದ್ದರೆ, ಅದರಿಂದ ಮೊಟ್ಟೆ ಇರುವ ಒಂದು ಎರಿ ತೆಗೆದು, ಹುಳ ಕೊಡವಿ, ಇದಕ್ಕೆ ಇಟ್ಟರೆ ಆಗುತ್ತಿತ್ತು. ಮೊಟ್ಟೆಯೋ, ಆಗಷ್ಟೇ ಒಡೆದ ಮರಿಯೋ ಸಿಕ್ಕರೆ ಹುಳಗಳು ತಾವೇ ರಾಣಿ ಕಣ್ಣ ಕಟ್ಟಿಕೊಳ್ಳುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ ಸಾಕು. ಎಲ್ಲ ಸರಿ ಹೋದರೆ ತಿಂಗಳೊಳಗೆ ಹೊಸ ರಾಣಿಯ ಮೊಟ್ಟೆ ಕಾಣಬಹುದು. ನೂರು ಪುಸ್ತಕ ಓದಿದ್ದರೂ ಆ ಒಂದು ಎರಿ ನನ್ನ ಹತ್ತಿರ ಇರಲಿಲ್ಲ.

ಹೋಲಿಸಿ ನೋಡಲಿಕ್ಕೂ ಎರಡು ಬೇಕು. ಹೊಸಬರಿಗೆ ಹುಳ ಕಡಿಮೆಯಾ ಜಾಸ್ತಿಯಾ ಅನ್ನುವುದೇ ತಿಳಿಯುವುದಿಲ್ಲ. ಬೆಳಿಗ್ಗೆ ಒಂದರ ಬಾಗಿಲಿಗೆ ಕಾಲಲ್ಲಿ ಪರಾಗದ ಉಂಡೆ ಹೊತ್ತ ಹುಳ ಸಾಲಾಗಿ ಬರುತ್ತಿದ್ದು, ಇನ್ನೊಂದರಲ್ಲಿ ಬರಿಗಾಲಲ್ಲಿ ಬರುತ್ತಿದ್ದರೆ ಏನೋ ಎಡವಟ್ಟಾಗಿದೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ.

ಎರಡೂ ಒಂದೇ ಅಳತೆಯವಿರಲಿ. ಅಟ್ಟದಿಂದ ಒಂದು, ಅಂಗಡಿಯಿಂದ ಒಂದು ಅಂತ ಮಾಡಿದರೆ ಅದರ ಚೌಕಟ್ಟು ಇದಕ್ಕೆ ಕೂರುವುದಿಲ್ಲ. ಆಮೇಲೆ ಎರಡಿದ್ದೂ ಒಂದೇ ಲೆಕ್ಕ. ಇನ್ನೊಂದು ಎಚ್ಚರ. ಮುಚ್ಚಳ ಹಾಕದ ಕಣ್ಣದಲ್ಲಿ ಮರಿ ತಲೆ ಮೇಲೆ ಮಾಡಿ ಸತ್ತಿದ್ದು, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬಂದರೆ ಅದೇ ಅಪ್ಪಯ್ಯನ ಕಾಲದ ಸ್ಯಾಕ್‌ಬ್ರೂಡ್ ರೋಗ. ಆಗ ಎರಿ ಅದಲುಬದಲು ಮಾಡಲೇಬೇಡಿ, ಇದರ ರೋಗವನ್ನು ಅದಕ್ಕೂ ಹಂಚಿದ ಹಾಗಾಗುತ್ತದೆ.

ಹುಳ ಹೊಡೆಯುವುದಿಲ್ವಾ ಅಂತ ಕೇಳುವವರಿಗೆ, ಹೊಡೆಯುತ್ತದೆ. ಜೇನುತುಪ್ಪ ಎಷ್ಟು ಸಿಗುತ್ತದೆ ಅನ್ನುವವರಿಗೆ, ಚೆನ್ನಾಗಿ ನೋಡಿಕೊಂಡ ತುಡುವೆ ಪೆಟ್ಟಿಗೆಯಿಂದ ವರ್ಷಕ್ಕೆ ಐದರಿಂದ ಹತ್ತು ಕೆಜಿ ಬಂದರೆ ಖುಷಿಪಡಿ. ಮೊದಲ ವರ್ಷ ಆ ಆಸೆಯನ್ನೇ ಬಿಡುವುದು ಒಳ್ಳೆಯದು. ಪೆಟ್ಟಿಗೆಗೆ ಸಬ್ಸಿಡಿ ಇದೆಯಾ ಅಂತ ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ.

ನಿಜವಾದ ಪರೀಕ್ಷೆ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಳಕ್ಕೆ ಹೊರಗೆ ಹೋಗಲಿಕ್ಕೇ ಬಿಡುವಿಲ್ಲ. ಬೇಸಿಗೆಯಲ್ಲಿ ನೇರಳೆ, ಮತ್ತಿ ಹೂವಿನ ತುಪ್ಪವನ್ನೆಲ್ಲ ತೆಗೆದುಕೊಂಡು ಡಬ್ಬಿಗೆ ತುಂಬಿದವರ ಗೂಡು ಶ್ರಾವಣದೊಳಗೆ ಖಾಲಿ. ಸ್ವಲ್ಪ ಅವಕ್ಕೂ ಬಿಡಿ. ಆಮೇಲೂ ಸಕ್ಕರೆ, ನೀರು ಸಮ ಸಮ ಹಾಕಿ ಪಾಕ ಮಾಡಿ ಕೊಡಬೇಕು. ಸಂಜೆ ಹೊತ್ತು, ಪೆಟ್ಟಿಗೆಯ ಒಳಗೆ. ಹೊರಗೆ ಚೆಲ್ಲಿದರೆ ವಾಸನೆಗೆ ಬಂದ ಬಲವಾದ ಪೆಟ್ಟಿಗೆಯ ಹುಳಗಳು ಬಡವರ ಗೂಡಿಗೆ ನುಗ್ಗಿ ದೋಚುತ್ತವೆ. ಎರಡು ಪೆಟ್ಟಿಗೆ ಇಟ್ಟವರಿಗೆ ಈ ತಾಪತ್ರಯ ಇದ್ದದ್ದೇ. ಅದಕ್ಕೇ ನಾನು ಎರಡನ್ನೂ ದೂರ ಇಟ್ಟು, ಒಂದರ ಬಾಗಿಲು ಕೊಟ್ಟಿಗೆ ಕಡೆ, ಇನ್ನೊಂದರದ್ದು ತೋಟದ ಕಡೆ ಮಾಡಿದ್ದೇನೆ. ಸ್ಟ್ಯಾಂಡಿನ ಕಾಲು ನಿಂತಿರುವುದು ನೀರು ತುಂಬಿದ ಗರಟೆಯಲ್ಲಿ, ಇರುವೆ ಹತ್ತಬಾರದಲ್ಲ. ಬಿಸಿಲು ಬಂದ ಮೇಲೆ ಗರಟೆ ಒಣಗಿದ್ದು ನೋಡದೇ ಹೋದರೆ ಒಂದೇ ರಾತ್ರಿ ಸಾಕು.

ಹಾಗಾದರೆ ಮೂರು ಯಾಕೆ ಬೇಡ ಅಂತ ಮೊನ್ನೆ ಒಬ್ಬರು ಕೇಳಿದರು. ಎರಡನ್ನು ಸರಿಯಾಗಿ ಮಳೆಗಾಲ ದಾಟಿಸಿದರೆ ಮುಂದಿನ ಚಳಿಗಾಲದಲ್ಲಿ ಅವು ಪಾಲಾಗುತ್ತವೆ, ಮೂರನೆಯದು ತಾನಾಗಿ ಬರುತ್ತದೆ. ಅದೇ ಅಳತೆಯ ಖಾಲಿ ಪೆಟ್ಟಿಗೆ ಒಂದಕ್ಕೆ ದೀಪಾವಳಿಯೊಳಗೆ ಬಡಗಿಗೆ ಹೇಳಿಡಿ.