ಒರೆಗಾನ್ ಕರಾವಳಿಯಲ್ಲಿ ವ್ಯಾನ್ ಎಲ್ಲಿ ನಿಲ್ಲಿಸಬೇಕು?

ಬೇಸಿಗೆಯಲ್ಲಿ ಅಮೆರಿಕಕ್ಕೆ ಬರುವ ಯೋಚನೆ ಇರುವ ನೆಂಟರು, ಸ್ನೇಹಿತರು ಫೋನ್ ಮಾಡಿದಾಗ ಮೊದಲು ಕೇಳುವುದು ಇದನ್ನೇ: ಸಮುದ್ರ ಕಾಣುವ ಹಾಗೆ ಕ್ಯಾಂಪರ್ ವ್ಯಾನ್ (ಒಳಗೇ ಹಾಸಿಗೆ ಇರುವ ಗಾಡಿ) ನಿಲ್ಲಿಸಿಕೊಂಡು ಮಲಗಬಹುದಾ? ಮಲಗಬಹುದು. ಆದರೆ ಅಮೆರಿಕದ ಪಶ್ಚಿಮ ಕರಾವಳಿಯ ರಾಜ್ಯವಾದ ಒರೆಗಾನ್ ಮಟ್ಟಿಗೆ ನನ್ನ ಸಲಹೆ ಉಲ್ಟಾ. ಮಲಗುವ ಜಾಗದಿಂದ ಸಮುದ್ರ ಕಾಣದೇ ಇದ್ದರೇ ಒಳ್ಳೆಯದು.

ಕಾರಣ ಗಾಳಿ. ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಆಗುತ್ತಿದ್ದ ಹಾಗೆ ವಾಯವ್ಯದಿಂದ ಗಾಳಿ ಏಳುತ್ತದೆ, ಜುಲೈನಲ್ಲೂ ಸ್ವೆಟರ್ ಬೇಕು. ವ್ಯಾನ್ ಎತ್ತರದ ಗಾಡಿ, ಬಯಲಲ್ಲಿ ನಿಲ್ಲಿಸಿದರೆ ರಾತ್ರಿಯೆಲ್ಲಾ ಅಲ್ಲಾಡುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದರೆ ಗಾಜಿನ ಮೇಲೆ ಉಪ್ಪಿನ ಪೊರೆ. ಎಳೆಯುವ ಬಾಗಿಲಿನ ಗಾಡಿಯಲ್ಲಿ ಒಮ್ಮೆ ಮರಳು ಸೇರಿತು ಅಂದರೆ ಬಾಗಿಲು ಕರಕರ ಅಂದು ಅರ್ಧಕ್ಕೇ ನಿಲ್ಲುತ್ತದೆ. ಹೊರಗೆ ಒಲೆ ಹಚ್ಚಿ ಒಗ್ಗರಣೆ ಹಾಕೋಣ ಅಂದರೆ ಉರಿ ನಿಲ್ಲುವುದಿಲ್ಲ, ಸಾಸಿವೆ ಸಿಡಿಯುವುದೇ ಇಲ್ಲ. ಅದೇ ಮರಗಳ ನಡುವಿನ ಸೈಟ್ (ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ಗಾಡಿಗೆ ಅಂತ ಬಿಟ್ಟ ಜಾಗ) ಆದರೆ ಗಾಳಿ ತಲೆ ಮೇಲೆ ಹಾದುಹೋಗುತ್ತದೆ, ಅಲೆಯ ಸದ್ದು ಮಾತ್ರ ಕೇಳುತ್ತದೆ.

ಇನ್ನೊಂದು ವಿಷಯ. ಇಲ್ಲಿ ಸಮುದ್ರ ನೋಡುವುದಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಕಾಲದಲ್ಲಿ ಕಡಲ ದಡವನ್ನು ಸಾರ್ವಜನಿಕ ಹೆದ್ದಾರಿ ಅಂತ ಘೋಷಿಸಿದರು, 1967ರ ಬೀಚ್ ಕಾಯ್ದೆ ಗಿಡಗಂಟಿ ಶುರುವಾಗುವ ಗೆರೆಯವರೆಗಿನ ಮರಳಿನ ಮೇಲೆ ಎಲ್ಲರಿಗೂ ಓಡಾಡುವ ಹಕ್ಕು ಕೊಟ್ಟಿತು. ಯಾವ ರೆಸಾರ್ಟ್‌ನವರೂ ಬೇಲಿ ಹಾಕಿ ನಿಮ್ಮನ್ನು ಓಡಿಸುವಂತಿಲ್ಲ. ಸುಮಾರು 580 ಕಿ.ಮೀ. ಉದ್ದದ ಈ ಕರಾವಳಿಯಲ್ಲಿ 101ನೇ ಹೆದ್ದಾರಿ ಎಷ್ಟೋ ಕಡೆ ನಮ್ಮ ಮರವಂತೆಯ ಹಾಗೆ ನೀರಿನ ಪಕ್ಕದಲ್ಲೇ ಹೋಗುತ್ತದೆ. ಹಗಲೆಲ್ಲಾ ಸಮುದ್ರ ನೋಡಿ, ರಾತ್ರಿ ನಿದ್ದೆ ಮಾಡಿ, ಅಷ್ಟೇ.

ಇಲ್ಲಿ ನಾನು ಹೇಳುವ ಜಾಗಗಳೆಲ್ಲಾ ಸ್ಟೇಟ್ ಪಾರ್ಕ್‌ಗಳು, ಅಂದರೆ ರಾಜ್ಯ ಸರ್ಕಾರ ನಡೆಸುವ ಉದ್ಯಾನಗಳು. ನನಗೆ ಇಷ್ಟವಾದದ್ದು ನ್ಯೂಪೋರ್ಟ್ ಹತ್ತಿರದ ಬೆವರ್ಲಿ ಬೀಚ್. ಕ್ಯಾಂಪ್‌ಗ್ರೌಂಡ್ ಹೆದ್ದಾರಿಯ ಈಚೆ, ಬೀಚ್ ಆಚೆ. ಹಳ್ಳದ ಪಕ್ಕದ ಕಾಲುದಾರಿ ಹೆದ್ದಾರಿಯ ಕೆಳಗೇ ನುಸುಳಿ ನೇರ ಮರಳಿಗೆ ಹೋಗುತ್ತದೆ. ಬುಕ್ ಮಾಡುವಾಗ ನಕ್ಷೆ ನೋಡಿ ಹೆದ್ದಾರಿಯಿಂದ ದೂರದ, ಒಳಗಿನ ಸೈಟ್ ಹಿಡಿಯಿರಿ, ಇಲ್ಲದಿದ್ದರೆ ಬೆಳಗಿನ ಜಾವ ಲಾರಿ ಸದ್ದು. ಅಮ್ಮ ಬಂದಿದ್ದಾಗ "ಇಷ್ಟು ದೂರ ಬಂದು ಕಾಡಲ್ಲಿ ಮಲಗೋದೇನೋ?" ಅಂತ ಗೊಣಗಿದವರು, ಬೆಳಿಗ್ಗೆ ನಾವು ಏಳುವ ಮೊದಲೇ ಶಾಲು ಹೊದ್ದು ಬೀಚ್‌ಗೆ ಹೋಗಿ ಬಂದಿದ್ದರು.

ಫ್ಲಾರೆನ್ಸ್ ಹತ್ತಿರದ ಹನಿಮನ್ ಪಾರ್ಕ್‌ನಲ್ಲಿ ಸಮುದ್ರವೇ ಇಲ್ಲ, ಅದು ಮರಳುಗುಡ್ಡಗಳ ಆಚೆ ಸುಮಾರು 3 ಕಿ.ಮೀ. ದೂರ. ಆದರೆ ಕೆರೆ ಇದೆ, ಮಕ್ಕಳು ನೀರಿಗಿಳಿಯಬಹುದು. ಇಲ್ಲಿನ ಸಮುದ್ರದ ನೀರು ಕಾಲಿಟ್ಟರೆ ಮರಗಟ್ಟುವಷ್ಟು ತಣ್ಣಗೆ. ತೀರಾ ಉತ್ತರದ ಫೋರ್ಟ್ ಸ್ಟೀವನ್ಸ್‌ನಲ್ಲಿ 1906ರಲ್ಲಿ ದಡಕ್ಕೆ ಬಿದ್ದ ಪೀಟರ್ ಐರ್‌ಡೇಲ್ ಹಡಗಿನ ಅಸ್ಥಿಪಂಜರ ನೋಡಬಹುದು. ಕೇಪ್ ಬ್ಲಾಂಕೋ ಭೂಶಿರ ಗಾಳಿಗೇ ಹೆಸರುವಾಸಿ, ದೀಪಸ್ತಂಭ ನೋಡಿ ಮುಂದೆ ಹೋಗಿ. ನೋಟ ಬೇಕೇ ಬೇಕು ಅನ್ನುವವರಿಗೆ ದಕ್ಷಿಣದ ಬ್ರೂಕಿಂಗ್ಸ್‌ನ ಹ್ಯಾರಿಸ್ ಬೀಚ್ ಸರಿ, ಅಲ್ಲಿ ಹವಾ ಸ್ವಲ್ಪ ಬೆಚ್ಚಗೆ.

ಸೈಟ್‌ನಲ್ಲಿ ಕರೆಂಟ್ ಮತ್ತು ನೀರಿದ್ದರೆ ವ್ಯಾನ್‌ಗೆ ಸಾಕು. ಕೊಳಚೆ ಪೈಪ್ ಕೂಡ ಇರುವ ಸೈಟ್ ದೊಡ್ಡ ಗಾಡಿಯವರಿಗೆ, ನಿಮಗೆ ಸುಮ್ನೆ ಖರ್ಚು. ಬಿಸಿನೀರಿನ ಸ್ನಾನ ಬಾಡಿಗೆಯಲ್ಲೇ ಸೇರಿದೆ. ಕ್ಯಾಲಿಫೋರ್ನಿಯಾ ಕಡೆಯ ಎಷ್ಟೋ ಕರಾವಳಿ ಸ್ಟೇಟ್ ಪಾರ್ಕ್‌ಗಳಲ್ಲಿ ಕರೆಂಟೇ ಇರುವುದಿಲ್ಲ, ಅದಕ್ಕೇ ನಾನು ಒರೆಗಾನ್ ಅನ್ನುವುದು. ಊರಿಂದ ರೈಸ್ ಕುಕ್ಕರ್ ಮಾತ್ರ ಹೊತ್ತು ತರಬೇಡಿ, ಇಲ್ಲಿ 120 ವೋಲ್ಟ್. ಅನ್ನ ಅರ್ಧಂಬರ್ಧ ಬೇಯುತ್ತದೆ.

ಬೀಚ್‌ನಲ್ಲಿ ಬಿದ್ದಿರುವ ದೊಡ್ಡ ದೊಡ್ಡ ಮರದ ದಿಮ್ಮಿಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ. ನೀರಿನ ಹತ್ತಿರ ಇದ್ದರೆ ಬೇಡವೇ ಬೇಡ. ಹೇಳದೆ ಕೇಳದೆ ಒಂದು ದೊಡ್ಡ ಅಲೆ ಬಂದರೆ ಸಾಕು, ಆ ದಿಮ್ಮಿ ತೇಲಿ ಹೊರಳುತ್ತದೆ, ಕೆಳಗೆ ಸಿಕ್ಕಿಕೊಂಡವರು ಏಳುವುದಿಲ್ಲ. ಜನ ಸತ್ತಿದ್ದಾರೆ. ಅಪ್ಪ-ಅಮ್ಮನಿಗೆ ಇದನ್ನು ಗಾಡಿ ಇಳಿಯುವ ಮೊದಲೇ ಹೇಳಿ.

ಈ ಪಾರ್ಕ್‌ಗಳ ಬುಕಿಂಗ್ 6 ತಿಂಗಳು ಮುಂಚೆ ತೆರೆಯುತ್ತದೆ, ಜುಲೈ-ಆಗಸ್ಟ್ ಶನಿವಾರಗಳು ಬೇಗ ಭರ್ತಿಯಾಗುತ್ತವೆ. ಹೊರರಾಜ್ಯದವರಿಗೆ ಕರೆಂಟ್ ಇರುವ ಸೈಟ್‌ಗೆ ಬಾಡಿಗೆ ಜಾಸ್ತಿ, ಲೆಕ್ಕದಲ್ಲಿ ಸೇರಿಸಿಕೊಳ್ಳಿ. ವೀಸಾ, ರಜೆ ಎಲ್ಲಾ ಹೊಂದುವುದಾದರೆ ಸೆಪ್ಟೆಂಬರ್‌ಗೆ ಬನ್ನಿ. ಅಷ್ಟು ಹೊತ್ತಿಗೆ ಗಾಳಿ ಇಳಿದಿರುತ್ತದೆ, ಇಲ್ಲಿನ ಮಕ್ಕಳು ಶಾಲೆಗೆ ಹೋಗಿರುತ್ತಾರೆ, ವಾರದ ನಡುವೆ ಸೈಟ್ ಸಿಗುವುದೂ ಸುಲಭ.